ಯಾರದೂ ಅಲ್ಲದ ಲಿಫ್ಟ್

ಪವಾಯಿ ಕೆರೆಯ ದಂಡೆಯಲ್ಲಿ ನಿಂತಿರುವ ಎತ್ತರದ ಬಿಲ್ಡಿಂಗುಗಳಲ್ಲಿ ಅರ್ಧಕ್ಕರ್ಧ ನಿಂಗಣ್ಣನ ಕಣ್ಣೆದುರಿಗೇ ಎದ್ದವು. ಅವನ ತಾಯಿ ರಾಚವ್ವ ಸಿಂದಗಿ ಕಡೆಯಿಂದ ಮುಂಬೈಗೆ ಬಂದು ಅಲ್ಲಿ ಇಟ್ಟಿಗೆ ಹೊತ್ತವಳು. ತಾನು ಹೊತ್ತ ಇಟ್ಟಿಗೆ ಎಷ್ಟನೇ ಮಾಳಿಗೆಗೆ ಹೋಯಿತೆಂದು ಅವಳು ತಲೆ ಎತ್ತಿ ನೋಡಿದವಳಲ್ಲ. ಮಗ ನೋಡಿದ. ಕಟ್ಟಡದ ನಡುವೆ ತಳದಿಂದ ತುದಿಯವರೆಗೆ ಬಾವಿಯಂತೆ ಖಾಲಿ ಬಿಟ್ಟ ಜಾಗ ಅವನನ್ನು ಎಳೆಯುತ್ತಿತ್ತು. ಲಿಫ್ಟ್ ಕೂರಿಸಲು ಬಂದ ಫಿಟ್ಟರುಗಳು ಕಂಬಿ ಹಿಡಿಯಲು ಒಬ್ಬ ಆಳು ಬೇಕೆಂದಾಗ, ಮೀಸೆ ಚಿಗುರುವ ವಯಸ್ಸಿನ ನಿಂಗಣ್ಣ ತಾನೇ ಮುಂದೆ ಬಂದ. ಆ ಬಾವಿಗೆ ಇಳಿದವನು ಬೇರೆ ಕೆಲಸಕ್ಕೆ ಹೋಗಲೇ ಇಲ್ಲ.

ವರ್ಷಗಳು ಕಳೆದು ಅವನು ‘ಉತ್ತುಂಗ ಲಿಫ್ಟ್ಸ್’ ಎಂಬ ಕಂಪನಿಯಲ್ಲಿ ಮೆಕ್ಯಾನಿಕ್ ಆದ. ಕಂಪನಿಯ ಆಫೀಸು ವಿಕ್ರೋಳಿಯಲ್ಲಿ. ಅವನ ಮನೆ ಕುರ್ಲಾದ ಚಾಳಿನಲ್ಲಿ. ಇಂದ್ರಾಬಾಯಿಯನ್ನು ಮದುವೆಯಾದ, ಮಗಳು ಶಿವಕುಮಾರಿ ಹುಟ್ಟಿದಳು. ಕಂಪನಿಯಲ್ಲಿ ಆಗ ಇದ್ದ ಪದ್ಧತಿ ಹಳೆಯದು, ಸರಳವಾದದ್ದು. ಒಬ್ಬೊಬ್ಬ ಮೆಕ್ಯಾನಿಕ್‌ಗೆ ಇಷ್ಟಿಷ್ಟು ಬಿಲ್ಡಿಂಗು. ಅಲ್ಲಿನ ಲಿಫ್ಟಿನ ಬಾಗಿಲು, ಬ್ರೇಕು, ಹಗ್ಗ, ಬಟನ್ನು, ದೀಪ, ಬೈಗುಳ ಎಲ್ಲ ಅವನದೇ. ಪವಾಯಿಯ ಒಂದು ಓಣಿಯ ತುಂಬ ‘ನಿಂಗಣ್ಣನ ಬಿಲ್ಡಿಂಗು’ಗಳಿದ್ದವು. ವಾಚ್‌ಮನ್‌ಗಳ ಫೋನಿನಲ್ಲಿ ಕಂಪನಿಯ ನಂಬರ್ ಇರಲಿಲ್ಲ, ಅವನ ನಂಬರ್ ಇತ್ತು.

ಅದರಲ್ಲಿ ಹೆಮ್ಮೆಯೂ ಇತ್ತು, ನರಕವೂ ಇತ್ತು. ಜಾತ್ರೆಗೆಂದು ಊರಿನ ಬಸ್ಸು ಹತ್ತಿದವನು ವಾಶಿ ದಾಟುವ ಮುನ್ನ ಇಳಿದು ವಾಪಸ್ಸಾದದ್ದಿದೆ. ಒಮ್ಮೆ ಲಿಫ್ಟಿನಲ್ಲಿ ಮಗುವೊಂದು ಒಂಟಿಯಾಗಿ ಸಿಕ್ಕಿಕೊಂಡು ಅಳುವುದನ್ನು ಬಾಗಿಲಿನಾಚೆಯಿಂದ ಕೇಳಿದ ಮೇಲೆ, ಮಗುವನ್ನು ಸುರಕ್ಷಿತವಾಗಿ ಹೊರಗೆ ತೆಗೆದರೂ, ಅವನಿಗೆ ಎಷ್ಟೋ ದಿನ ಅನ್ನ ಸೇರಲಿಲ್ಲ. “ಲಿಫ್ಟಿನ ಜೋಡಿ ಲಗ್ನ ಆಗಬೇಕಿತ್ತು ನೀವು,” ಎಂದು ಇಂದ್ರಾಬಾಯಿ ಸಿಡುಕುತ್ತಿದ್ದಳು.

ಹೀಗಿರುವಾಗ ಕಂಪನಿ ಕೈ ಬದಲಾಯಿತು. ಹೊಸ ಮ್ಯಾನೇಜರ್ ವಿಕ್ರಂ ಕೆಲಸದ ರೀತಿಯನ್ನೇ ಹೊಸದಾಗಿ ಕಟ್ಟುತ್ತೇನೆಂದು ಬಂದವನು. ಕಟ್ಟುವ ಮೊದಲು, ಕಟ್ಟಿದ ಮೇಲೆ, ಕೆಲಸಗಾರರ ಹುಮ್ಮಸ್ಸು ಎಷ್ಟಿದೆ, ತೃಪ್ತಿ ಎಷ್ಟಿದೆ ಎಂದು ತಿಂಗಳು ತಿಂಗಳು ಅಳೆಯಬೇಕೆಂದ. ಅಳೆಯುವ ಹೊಣೆ ಅಪೇಕ್ಷಾ ಎಂಬ ಹುಡುಗಿಯ ಪಾಲಿಗೆ ಬಂತು. ಅವಳ ಅಪ್ಪ ಅಮ್ಮ ಮೈಸೂರಿನವರು; ಅವಳು ಹುಟ್ಟಿ ಬೆಳೆದದ್ದೆಲ್ಲ ಮುಲುಂಡಿನಲ್ಲಿ. ನಿಂಗಣ್ಣ ಕನ್ನಡದವನೆಂದು ತಿಳಿದು, ತಡವರಿಸುತ್ತಲೇ ಕನ್ನಡದಲ್ಲಿ ಮಾತಾಡಿಸಿದಳು.

“ನಿಂಗಣ್ಣಾವ್ರೇ, ನಾನು ಪ್ರಶ್ನೆ ಕೇಳ್ತೀನಿ, ನೀವು ಒಂದರಿಂದ ಐದರ ಒಳಗೆ ಮಾರ್ಕ್ಸ್ ಕೊಡಿ, ಓಕೆ? ಕೆಲಸ ಹೇಗೆ ಮಾಡಬೇಕು ಅಂತ ನೀವೇ ಡಿಸೈಡ್ ಮಾಡ್ತೀರಾ?”

“ನಾನಲ್ದ ಇನ್ಯಾರ್ರಿ ಮೇಡಂ? ಐದು ಹಾಕ್ರಿ.”

“ಶುರುವಿಂದ ಕೊನೇತನಕ ಕೆಲಸ ನಿಮ್ಮ ಕೈಯಲ್ಲೇ ಇರುತ್ತಾ?”

“ಇರ್ತದ್ರಿ. ಅದಕ್ಕೂ ಐದು.”

“ಆ ಬಿಲ್ಡಿಂಗ್‌ನಲ್ಲಿ ಏನಾದ್ರೂ ಆದ್ರೆ, ಒಳ್ಳೇದೋ ಕೆಟ್ಟದ್ದೋ, ಅದು ನಂದೇ ಅಂತ ಅನ್ಸುತ್ತಾ?”

ನಿಂಗಣ್ಣ ನಕ್ಕ. “ಐದಕ್ಕಿಂತ ಮ್ಯಾಲ ಇಲ್ಲೇನ್ರಿ?”

“ಲಾಸ್ಟ್. ಕೆಲಸದಲ್ಲಿ ಖುಷಿಯಾಗಿದೀರಾ?”

ಅವನು ಕಿಟಕಿಯ ಕಡೆ ನೋಡಿದ. “ಒಂದು ಹಾಕ್ರಿ. ನಿದ್ದಿ ಹತ್ತಂಗಿಲ್ರಿ ಮೇಡಂ.”

ಉಳಿದ ಮೆಕ್ಯಾನಿಕ್‌ಗಳ ಉತ್ತರವೂ ಹೆಚ್ಚು ಕಡಿಮೆ ಹೀಗೇ ಇತ್ತು. ವಿಕ್ರಂನಿಗೆ ಬೇಕಾದದ್ದು ಇದೇ. ಎಲ್ಲರನ್ನೂ ಹಾಲ್‌ನಲ್ಲಿ ಸೇರಿಸಿ ಹೊಸ ಪದ್ಧತಿ ಘೋಷಿಸಿದ. “ಇವತ್ತಿಂದ ಯಾರ ತಲೆ ಮೇಲೂ ಬಿಲ್ಡಿಂಗ್ ಇಲ್ಲ. ಎಲ್ಲರ ಕೈಯಲ್ಲೂ ಕೆಲಸ ಮಾತ್ರ ಇದೆ,” ಎಂದು ಹಿಂದಿಯಲ್ಲಿ ಹೇಳಿದಾಗ ಚಪ್ಪಾಳೆ ಬಿತ್ತು. ಬಾಗಿಲಿಗೆ ಒಂದು ತಂಡ, ಮೇಲಿನ ಮಷೀನ್ ರೂಮಿಗೆ ಒಂದು, ಸೆನ್ಸರ್ ಮತ್ತು ವೈರಿಂಗಿಗೆ ಇನ್ನೊಂದು. ಇವತ್ತು ಎಲ್ಲಿಗೆ ಹೋಗಬೇಕೆಂದು ಬೆಳಿಗ್ಗೆ ಮೊಬೈಲ್ ಹೇಳುತ್ತದೆ. ಕೆಲಸ ಮುಗಿಸಿ ಫೋಟೋ ಹಾಕಿದರೆ ಹಸಿರು ಗುರುತು ಬೀಳುತ್ತದೆ. ದೂರುಗಳೆಲ್ಲ ಕಂಪನಿಯ ನಂಬರಿಗೆ. ನಿಂಗಣ್ಣ ಬಾಗಿಲಿನ ತಂಡಕ್ಕೆ ಬಿದ್ದ. ಮಷೀನ್ ರೂಮುಗಳ ಬೀಗದ ಕೈ ಗೊಂಚಲನ್ನು ಕೌಂಟರಿನಲ್ಲಿ ವಾಪಸ್ಸು ಕೊಡುವಾಗ ಅವನಿಗೆ ಏನೂ ಅನ್ನಿಸಲಿಲ್ಲ. ಸೊಂಟ ಹಗುರಾಯಿತು, ಅಷ್ಟೆ.

ಆಮೇಲಿನ ದಿನಗಳು ಚೆನ್ನಾಗಿದ್ದವು. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಸಂಜೆ ಹೊತ್ತಿಗೆ ಸರಿಯಾಗಿ ಮನೆಗೆ ಬಂದ. ಮಗಳ ಶಾಲೆಯ ನಾಟಕ ನೋಡಿದ. ರವಿವಾರ ಮೂವರೂ ಲೋಕಲ್ ಹತ್ತಿ ಸಮುದ್ರದ ದಂಡೆಗೆ ಹೋದರು. ಇಂದ್ರಾಬಾಯಿ ಅಕ್ಕಪಕ್ಕದವರಿಗೆಲ್ಲ “ನಮ್ಮವ್ರು ಈಗ ಮನಷ್ಯಾರಾಗ್ಯಾರ” ಎಂದು ಹೇಳಿಕೊಂಡಳು. ಮುಂದಿನ ಅಳತೆಯಲ್ಲಿ ಖುಷಿಗೆ ನಿಂಗಣ್ಣ ನಾಲ್ಕು ಕೊಟ್ಟ. ಅದರ ಮುಂದಿನದರಲ್ಲಿ ಐದು. ಎಲ್ಲರ ಅಂಕವೂ ಹಾಗೇ ಏರಿತು. ವಿಕ್ರಂ ಆಫೀಸಿನಲ್ಲಿ ಕೇಕ್ ತರಿಸಿ ಕತ್ತರಿಸಿದ.

ಹಳೆಯ ಬಿಲ್ಡಿಂಗುಗಳಲ್ಲೊಂದು ‘ಲೇಕ್ ದರ್ಶನ್’. ಅಲ್ಲಿನ ವಾಚ್‌ಮನ್ ದೂಜ. ಮಂಗಳೂರಿನ ಕಡೆಯ ಕ್ರಿಶ್ಚಿಯನ್ ಮುದುಕ, ಮುಂಬೈಗೆ ಬಂದು ತಲೆ ಹಣ್ಣಾದವನು. ನಿಂಗಣ್ಣ ಅವನನ್ನು ಅಂಕಲ್ ಎನ್ನುತ್ತಿದ್ದ. ಒಂದು ದಿನ ಅಲ್ಲಿ ಬಾಗಿಲಿನ ಕೆಲಸ ಬಂತು. ನಿಂಗಣ್ಣ ಖಾಲಿ ಲಿಫ್ಟಿನಲ್ಲಿ ಮೇಲೆ ಹೋದ. ಲಿಫ್ಟ್ ನಿಂತು ಬಾಗಿಲು ತೆರೆಯಿತು. ಅದರ ನೆಲ ಮಾಳಿಗೆಯ ನೆಲಕ್ಕಿಂತ ಒಂದು ಬೆರಳಿನಷ್ಟು ಮೇಲಿತ್ತು.

ನಿಂಗಣ್ಣ ಆ ಬೆರಳಗಲದ ಕತ್ತಲನ್ನು ನೋಡುತ್ತ ನಿಂತ. ನಿಲ್ಲಬೇಕಾದ ಕಡೆ ನಿಲ್ಲದೆ ತುಸು ಮೇಲಕ್ಕೆ ಜಾರಿದೆ ಎಂದರೆ ಬ್ರೇಕ್ ಹಿಡಿಯುತ್ತಿಲ್ಲ. ಹಿಂದೆ ಆಗಿದ್ದರೆ ಆ ಕ್ಷಣವೇ ಲಿಫ್ಟ್ ಬಂದ್ ಮಾಡಿ, ಮಷೀನ್ ರೂಮಿಗೆ ಓಡಿ ಬ್ರೇಕ್ ಬಿಚ್ಚುತ್ತಿದ್ದ. ಈಗ ಬೀಗದ ಕೈ ಇಲ್ಲ. ಮಷೀನ್ ರೂಮಿನ ತಂಡದಲ್ಲಿದ್ದ ಗೆಳೆಯ, ಸೊಲ್ಲಾಪುರದ ಶಶಿಕಾಂತನಿಗೆ ಫೋನ್ ಮಾಡಿದ.

“ಶಶ್ಯಾ, ಲೇಕ್ ದರ್ಶನ್‌ದಾಗ ಬ್ರೇಕ್ ಸವದಂಗ ಕಾಣ್ತದ. ಬಂದು ನೋಡು.”

“ಹೋದ ವಾರನ ನಾವು ಅಲ್ಲಿ ಎಣ್ಣಿ ಬಿಟ್ಟು, ಒರಸಿ, ಫೋಟೋ ಹಾಕೀವಲ್ಲೊ. ಹಸರ ಆಗೇದ. ಈಗ ಮತ್ತ ನಂಗ ಅಲ್ಲಿ ಸ್ಲಾಟ್ ಇಲ್ಲ. ಕಂಪ್ಲೇಂಟ್ ಹಾಕಸು.”

“ನನ್ನ ಮೊಬೈಲ್‌ದಾಗ ಬಾಗಲದ ಕಂಪ್ಲೇಂಟ್ ಅಷ್ಟ ಹಾಕಾಕ ಬರ್ತದ.”

“ಹಂಗಾರ ಬಿಡು. ನಿನ್ನ ಬಾಗಲಾ ನೀ ನೋಡು.”

ನಿಂಗಣ್ಣ ತನ್ನ ಬಾಗಿಲು ನೋಡಿದ. ಒರೆಸಿದ, ಗಾಲಿ ಬದಲಿಸಿದ, ಫೋಟೋ ಹಾಕಿದ. ಹಸಿರು ಬಿತ್ತು. ಹೊರಗೆ ಬರುವಾಗ ಎದೆಯಲ್ಲೊಂದು ಮುಳ್ಳು ಚುಚ್ಚುತ್ತಿತ್ತು ನಿಜ. ಆದರೆ ಕುರ್ಲಾ ಸ್ಟೇಷನ್ ಮುಟ್ಟುವ ಹೊತ್ತಿಗೆ ಅದು ಇರಲಿಲ್ಲ. ಆ ರಾತ್ರಿಯೂ ಸೊಗಸಾದ ನಿದ್ದೆ ಬಂತು.

ಅದೇ ತಿಂಗಳು ಅಪೇಕ್ಷಾಳಿಗೂ ಒಂದು ಮುಳ್ಳು ಚುಚ್ಚಿತು. ಖುಷಿಯ ಗೆರೆ ಮೇಲಕ್ಕೆ ಹೋದಂತೆಲ್ಲ ಇನ್ನೊಂದು ಗೆರೆ ಸದ್ದಿಲ್ಲದೆ ಕೆಳಗಿಳಿಯುತ್ತಿತ್ತು. ‘ಏನಾದ್ರೂ ಆದ್ರೆ ಅದು ನಂದೇ ಅನ್ಸುತ್ತಾ’ ಎಂಬ ಪ್ರಶ್ನೆಯದು. ಅದು ಒಬ್ಬಿಬ್ಬರದಲ್ಲ, ಎಲ್ಲರದೂ ತಳ ಮುಟ್ಟಿತ್ತು. ಕಾರಣವನ್ನು ಕಣ್ಣಾರೆ ನೋಡಬೇಕೆಂದು ಒಂದು ಬೆಳಿಗ್ಗೆ ಅವಳು ನಿಂಗಣ್ಣನ ಜೊತೆ ಹೊರಟಳು. ಮೊಬೈಲ್ ಅವರಿಬ್ಬರನ್ನೂ ಲೇಕ್ ದರ್ಶನ್‌ಗೇ ಕಳಿಸಿತು.

ಲಿಫ್ಟಿನಿಂದ ಹೊರಗೆ ಕಾಲಿಡುವಾಗ ಅಪೇಕ್ಷಾ ಮುಗ್ಗರಿಸಿದಳು. ಈಗ ಎರಡು ಬೆರಳು.

“ಇದೇನು, ಲೆವೆಲ್ ಸರಿ ಇಲ್ವಾ?”

“ಅದು ನಮ್ಮ ಟೀಮಿಂದಲ್ರಿ ಮೇಡಂ,” ಎಂದ ನಿಂಗಣ್ಣ, ಉಪಕರಣದ ಚೀಲ ಬಿಚ್ಚುತ್ತ.

ಅಪೇಕ್ಷಾ ಅವನ ಮುಖ ನೋಡಿದಳು. ಅಲ್ಲಿ ಮೋಸ ಇರಲಿಲ್ಲ, ಸೋಮಾರಿತನವೂ ಇರಲಿಲ್ಲ. ನೆಮ್ಮದಿ ಇತ್ತು. ಅದನ್ನು ಕಂಡು ಅವಳಿಗೆ ಹೆದರಿಕೆಯಾಯಿತು. “ಮೊದಲು ಈ ಬಿಲ್ಡಿಂಗ್ ನಿಮ್ಮದೇ ಅಲ್ವಾ? ಈಗ ಇದರ ಯೋಚನೆ ಬರಲ್ವಾ?”

“ಮನಿಗಿ ಹೋದ ಮ್ಯಾಲ ಒಂದು ಬಿಲ್ಡಿಂಗೂ ನೆನಪಾಗಂಗಿಲ್ರಿ. ಹೊಸಾ ಪದ್ಧತಿ ಚಲೋ ಅದ.”

ಹಾಗೆಂದವನಿಗೆ ತನ್ನ ಮಾತು ತನಗೇ ಬೇರೆ ಯಾರೋ ಆಡಿದಂತೆ ಕೇಳಿಸಿತು. ದೂಜ ಅಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದ. “ಎಂತ ಮಾರಾಯ ನಿಂಗಣ್ಣ,” ಎಂದ ಮೆಲ್ಲಗೆ, “ನೀನು ಇದರ ಶಬ್ದ ಕೇಳಿಯೇ ಕಾಯಿಲೆ ಹೇಳುತ್ತಿದ್ದವನು. ಈಗ ಕಿವಿಗೆ ಹತ್ತಿ ಇಟ್ಟುಕೊಂಡಿದ್ದಿಯಾ?” ನಿಂಗಣ್ಣ ನಕ್ಕು ಬಾಗಿಲಿನ ಗಾಲಿ ಬಿಚ್ಚತೊಡಗಿದ.

ಅಪೇಕ್ಷಾ ಅಷ್ಟಕ್ಕೇ ಬಿಡಲಿಲ್ಲ. ಆಫೀಸಿಗೆ ಬಂದವಳೇ ‘ಲಿಫ್ಟ್ ಸಮಮಟ್ಟಕ್ಕೆ ನಿಲ್ಲುತ್ತಿಲ್ಲ’ ಎಂದು ತಾನೇ ದೂರು ದಾಖಲಿಸಿದಳು. ಕಂಪನಿಯ ಕಂಪ್ಯೂಟರು ಆ ಮಾತನ್ನು ಓದಿ, ಮಟ್ಟ ಎಂದರೆ ಸೆನ್ಸರ್ ಎಂದು ತಿಳಿದು, ಸೆನ್ಸರ್ ತಂಡಕ್ಕೆ ಕಳಿಸಿತು. ಅವರು ಮರುದಿನವೇ ಬಂದರು. ಲಿಫ್ಟಿಗೆ ‘ನಿಲ್ಲು’ ಎಂದು ಹೇಳುವ ಗುರುತನ್ನು ಬಾವಿಯೊಳಗೆ ಎರಡು ಬೆರಳು ಕೆಳಗೆ ಸರಿಸಿದರು. ಈಗ ಅದು ಮೊದಲೇ ನಿಲ್ಲಲು ಶುರುಮಾಡಿ, ಜಾರುವಷ್ಟು ಜಾರಿ, ನೆಲಕ್ಕೆ ಸರಿಸಮವಾಗಿ ಬಂದು ನಿಂತಿತು. ಫೋಟೋ ಹಾಕಿದರು. ಹಸಿರು ಬಿತ್ತು.

ಮುಂದಿನ ಸರದಿಗೆ ಹೋದಾಗ ನಿಂಗಣ್ಣನಿಗೆ ಕಂಡದ್ದು ಅಂಚಿಗೆ ಅಂಚು ಕೂಡಿದ ನೆಲ. ಯಾರೋ ಬ್ರೇಕ್ ನೋಡಿರಬೇಕು ಎಂದುಕೊಂಡ. ಯಾರು, ಯಾವಾಗ ಎಂದು ಕೇಳಲಿಲ್ಲ. ಅಪೇಕ್ಷಾಳೂ ದೂರು ಮುಗಿದಿದೆ ಎಂಬ ಸಂದೇಶ ನೋಡಿ ನಿರಾಳವಾದಳು. ಅಲ್ಲಿಯವರೆಗೆ ಲಿಫ್ಟ್ ತನ್ನ ರೋಗವನ್ನು ನೋಡುವವರಿಗಾದರೂ ತೋರಿಸುತ್ತಿತ್ತು. ಈಗ ಅದೂ ನಿಂತಿತು. ಮೇಲೆ, ಬೀಗ ಹಾಕಿದ ಮಷೀನ್ ರೂಮಿನಲ್ಲಿ, ಬ್ರೇಕಿನ ಪಟ್ಟಿ ದಿನದಿನಕ್ಕೆ ಸವೆಯುತ್ತಲೇ ಇತ್ತು.

ಮಳೆಗಾಲ ಹಿಡಿಯಿತು. ದೂಜ ನಿಂಗಣ್ಣನಿಗೆ ಮತ್ತೆ ಮತ್ತೆ ಫೋನ್ ಮಾಡತೊಡಗಿದ. ಲಿಫ್ಟ್ ಒಮ್ಮೊಮ್ಮೆ ನಿಂತ ಮೇಲೂ ನಡುಗುತ್ತದೆ ಎಂದ. ಕಂಪನಿಗೆ ಫೋನ್ ಮಾಡಿದರೆ ರೆಕಾರ್ಡಿನ ಹೆಂಗಸು ಮಾತಾಡುತ್ತಾಳೆ ಎಂದ. “ಅದ ನಂಬರಿಗೇ ಮಾಡ್ರಿ ಅಂಕಲ್, ನನ್ನ ಕೈಯಾಗ ಏನೂ ಇಲ್ಲ,” ಎಂದು ನಿಂಗಣ್ಣ ಹೇಳುತ್ತ ಬಂದ. ಹೇಳಿ ಹೇಳಿ ಬೇಸತ್ತು, ಕಡೆಗೆ ಆ ಹೆಸರು ಕಂಡರೆ ಫೋನ್ ಎತ್ತುವುದನ್ನೇ ಬಿಟ್ಟ.

ಆ ಬೆಳಿಗ್ಗೆ ಅವನು ಲೇಕ್ ದರ್ಶನ್‌ಗೆ ಕೂಗಳತೆಯಲ್ಲೇ ಇದ್ದ, ಪಕ್ಕದ ಬಿಲ್ಡಿಂಗಿನ ಬಾಗಿಲು ಬಿಚ್ಚಿಕೊಂಡು. ಜೇಬಿನಲ್ಲಿ ಫೋನ್ ನಡುಗಿತು. ದೂಜನ ಹೆಸರು. ನಿಂಗಣ್ಣ ಅದನ್ನು ನೋಡಿ ಮತ್ತೆ ಜೇಬಿಗಿಳಿಸಿದ. ಮೇಲಿನ ಮಾಳಿಗೆಯಲ್ಲಿ ಸುಟ್ಟ ವಾಸನೆ ಬರುತ್ತಿದೆ, ಒಮ್ಮೆ ಬಂದು ಹೋಗು ಎಂದು ಹೇಳಲು ಮಾಡಿದ ಫೋನ್ ಅದು.

ಮಧ್ಯಾಹ್ನ ಆ ಬಿಲ್ಡಿಂಗಿನ ಸುಮಿತ್ರಾ ಎಂಬ ವಯಸ್ಸಾದ ಹೆಂಗಸು ದೇವಸ್ಥಾನಕ್ಕೆಂದು ಹೊರಟಿದ್ದರು. ಊರುಗೋಲು ಹಿಡಿದು ನಡೆಯುವವರು. ಅವರನ್ನು ಕರೆದೊಯ್ಯಲು ದೂಜ ಅವರ ಮಾಳಿಗೆಗೆ ಹೋಗಿ, ಬಾಗಿಲು ಮುಚ್ಚದಿರಲೆಂದು ಒಂದು ಕಾಲು ಲಿಫ್ಟಿನೊಳಗೆ, ಒಂದು ಕಾಲು ಹೊರಗೆ ಇಟ್ಟು ನಿಂತ. “ನಿಧಾನ ಬನ್ನಿ ಅಮ್ಮ,” ಎಂದ. ಸುಮಿತ್ರಾ ಹೆಜ್ಜೆ ಎತ್ತಿದರು. ಆಗ ಬಾಗಿಲು ತೆರೆದಿದ್ದ ಹಾಗೆಯೇ, ಯಾರೂ ಬಟನ್ ಒತ್ತದೆ, ಖಾಲಿ ಲಿಫ್ಟು ಮೇಲಕ್ಕೆ ಜಾರಿತು. ಹಗ್ಗದ ಇನ್ನೊಂದು ತುದಿಗೆ ಕಟ್ಟಿದ ಭಾರ ಅದನ್ನು ಎಳೆಯಿತು, ತಡೆಯಲು ಬ್ರೇಕ್ ಇರಲಿಲ್ಲ. ದೂಜ ಸುಮಿತ್ರಾರನ್ನು ಎರಡೂ ಕೈಯಿಂದ ಹಿಂದಕ್ಕೆ ನೂಕಿದ. ತನ್ನ ಕಾಲನ್ನು ಎಳೆದುಕೊಳ್ಳಲು ಅವನಿಗೆ ಹೊತ್ತು ಸಿಗಲಿಲ್ಲ.

ಕಿರುಚಾಟ ಪಕ್ಕದ ಬಿಲ್ಡಿಂಗಿನವರೆಗೂ ಕೇಳಿಸಿತು. ನಿಂಗಣ್ಣ ಓಡಿ ಬಂದು, ಮೆಟ್ಟಿಲು ಹತ್ತಿ, ಮಷೀನ್ ರೂಮಿನ ಬೀಗ ಒಡೆದು, ಕೈಯಿಂದಲೇ ಚಕ್ರ ತಿರುಗಿಸಿ ಲಿಫ್ಟನ್ನು ಕೆಳಗಿಳಿಸಿದ. ಚಕ್ರದ ಪಕ್ಕದಲ್ಲಿ ಬ್ರೇಕಿನ ಪಟ್ಟಿ ಕರಕಲಾಗಿ, ಕಬ್ಬಿಣಕ್ಕೆ ಕಬ್ಬಿಣ ತಾಗಿತ್ತು. ಆಸ್ಪತ್ರೆಯಲ್ಲಿ ದೂಜನ ಜೀವ ಉಳಿಯಿತು. ಆ ಕಾಲು ಮೊಣಕಾಲಿನಿಂದ ಕೆಳಗೆ ಉಳಿಯಲಿಲ್ಲ.

ವಿಚಾರಣೆಗೆ ಸರಕಾರದ ಇನ್‌ಸ್ಪೆಕ್ಟರ್ ವಿಕ್ರೋಳಿಯ ಆಫೀಸಿಗೇ ಬಂದರು. ವಿಕ್ರಂ ಪರದೆಯ ಮೇಲೆ ಎಲ್ಲ ತೋರಿಸಿದ. ಬಾಗಿಲು ಹಸಿರು. ಮಷೀನ್ ರೂಮು ಹಸಿರು. ಸೆನ್ಸರ್ ಹಸಿರು. “ಸರ್, ಕೊಟ್ಟ ಕೆಲಸವನ್ನು ಪ್ರತಿಯೊಬ್ಬನೂ ಸರಿಯಾಗಿ ಮಾಡಿದ್ದಾನೆ,” ಎಂದ. ಅವನು ಸುಳ್ಳು ಹೇಳುತ್ತಿರಲಿಲ್ಲ. ಹಾಲ್‌ನಲ್ಲಿದ್ದ ಮೆಕ್ಯಾನಿಕ್‌ಗಳೆಲ್ಲ ನೆಲ ನೋಡುತ್ತಿದ್ದರು.

ನಿಂಗಣ್ಣ ಎದ್ದು ನಿಂತ. ಯಾರೂ ಅವನನ್ನು ಕರೆದಿರಲಿಲ್ಲ. “ಬ್ರೇಕ್ ಸವದದ ಅಂತ ನಂಗ ಮೊದಲ ಗೊತ್ತಿತ್ತು ಸಾಹೇಬ್,” ಎಂದ ಹಿಂದಿಯಲ್ಲಿ. “ನಂದಲ್ಲ ಅಂತ ಬಿಟ್ಟೆ.” ಶಶಿಕಾಂತ ಅವನ ಅಂಗಿ ಜಗ್ಗಿ ಕೂಡಿಸಲು ನೋಡಿದ. ನಿಂಗಣ್ಣ ಕೂರಲಿಲ್ಲ.

ಅಪೇಕ್ಷಾ ಕೆಳಗಿಳಿದ ಗೆರೆಯನ್ನು ಇನ್‌ಸ್ಪೆಕ್ಟರ್ ಮುಂದಿಟ್ಟಳು. ರೋಗವನ್ನು ಮರೆಮಾಡಿದ ಆ ಸಮಮಟ್ಟದ ದೂರು ಕೊಟ್ಟವಳು ತಾನೇ ಎಂಬುದನ್ನೂ ಹೇಳಿದಳು. ಕಂಪನಿಗೆ ಎಚ್ಚರಿಕೆ ಬಂತು, ಆ ಲಿಫ್ಟಿಗೆ ಹೊಸ ಬ್ರೇಕ್ ಬಂತು. ಪದ್ಧತಿ ಬದಲಾಗಲಿಲ್ಲ. ವಿಕ್ರಂ ಅಪೇಕ್ಷಾಳನ್ನು ಒಳಗೆ ಕರೆದು, ಮುಂದಿನ ತಿಂಗಳಿಂದ ಆ ಒಂದು ಪ್ರಶ್ನೆ ಕೇಳುವುದು ಬೇಡ, ಅದು ಜನರನ್ನು ಗೊಂದಲಕ್ಕೆ ಹಾಕುತ್ತದೆ ಎಂದ. ಅವಳು ಕೆಲಸ ಬಿಟ್ಟಳು. ಅವಳ ಜಾಗಕ್ಕೆ ಬಂದವರು ಆ ಪ್ರಶ್ನೆ ಕೇಳಲಿಲ್ಲ. ತೃಪ್ತಿಯ ಗೆರೆ ಮೊದಲಿನ ಹಾಗೇ ಏರುತ್ತ ಹೋಯಿತು.

ಆಸ್ಪತ್ರೆಗೆ ಹೋಗಲು ನಿಂಗಣ್ಣನಿಗೆ ಧೈರ್ಯ ಬರಲು ಬಹಳ ದಿನ ಹಿಡಿಯಿತು. ದೂಜ ಗೋಡೆಗೆ ಒರಗಿ ಕೂತಿದ್ದ. ನಿಂಗಣ್ಣ ಮಂಚದ ತುದಿ ಹಿಡಿದು ನಿಂತ. ಮುದುಕ ಬೈಯಲಿಲ್ಲ. “ಬೇರೆ ಬಿಲ್ಡಿಂಗಿನದು ಈಗ ಯಾರು ನೋಡ್ತಾರೆ ಮಾರಾಯ?” ಎಂದು ಕೇಳಿದ.

ಅದಾದ ಮೇಲೆ ನಿಂಗಣ್ಣ ಕಂಪನಿ ಬಿಟ್ಟ. ಲೇಕ್ ದರ್ಶನ್‌ನವರೂ ಇನ್ನೆರಡು ಬಿಲ್ಡಿಂಗಿನ ಸೊಸೈಟಿಯವರೂ ಕಂಪನಿಯ ಕರಾರು ಮುರಿದು, ಅವನಿಗೆ ಕೆಲಸ ಕೊಟ್ಟ ಒಬ್ಬ ಸಣ್ಣ ಕಂಟ್ರಾಕ್ಟರನಿಗೆ ತಮ್ಮ ಲಿಫ್ಟುಗಳನ್ನು ಒಪ್ಪಿಸಿದರು. ಬೀಗದ ಕೈ ಮತ್ತೆ ಸೊಂಟಕ್ಕೆ ಬಂತು. ಊಟದ ನಡುವೆ ಎದ್ದು ಹೋಗುವುದು ಮತ್ತೆ ಶುರುವಾಯಿತು. ಇಂದ್ರಾಬಾಯಿ ಈಗ ಸಿಡುಕಲಿಲ್ಲ. ಡಬ್ಬಿ ಕಟ್ಟಿ ಕೈಗಿಟ್ಟು, ಬಾಗಿಲಲ್ಲಿ ನಿಂತು ಅವನು ಓಣಿ ತಿರುಗುವವರೆಗೂ ನೋಡುತ್ತಿದ್ದಳು. ಆದರೆ ಪವಾಯಿಯ ಆ ಓಣಿಯಲ್ಲಿ ಬಿಲ್ಡಿಂಗುಗಳು ಬಹಳ. ಅವನ ಕೈಗೆ ಬಂದವು ಮೂರೇ.

ಮಾಘ ಮಾಸದ ಒಂದು ಮಧ್ಯಾಹ್ನ ಫೋನ್ ಬಂತು. ಓಣಿಯ ಕೊನೆಯ ಬಿಲ್ಡಿಂಗಿನ ವಾಚ್‌ಮನ್ ಶಿವಪುತ್ರ. ಕಲಬುರಗಿ ಕಡೆಯವನು. ಆ ಬಿಲ್ಡಿಂಗು ಇನ್ನೂ ಉತ್ತುಂಗದ ಕೈಯಲ್ಲೇ ಇತ್ತು.

“ಅಣ್ಣ, ನಮ್ಮ ಲಿಫ್ಟ್ ಎರಡ ದಿನದಿಂದ ಜರಾ ಮ್ಯಾಲ ಹೋಗಿ ನಿಂದರ್ಲಾಕತ್ತದ. ಕಂಪನಿಯವ್ರು ನಾಡದ ಬರ್ತೀವಿ ಅಂದಾರ.”

“ಈಗಿಂದೀಗ ಕರೆಂಟ್ ತಗದು ಬಂದ್ ಮಾಡು.”

“ಹ್ಯಾಂಗ ಬಂದ್ ಮಾಡ್ಲಿ ಅಣ್ಣ? ಮ್ಯಾಲ ಮದುವಿ ಅದ, ಮಂದಿ ಬರ್ಲಾಕತ್ತಾರ. ಸೆಕ್ರೆಟರಿ ನನ್ನ ನೌಕರಿ ತಗೀತಾರ.”

“ಶಿವಪುತ್ರ, ಬಂದ್ ಮಾಡು. ಬೈದರ ನನ್ನ ಹೆಸರ ಹೇಳು. ಬಂದೆ ನಾ.”

ನಿಂಗಣ್ಣ ಹೋಗುವ ಹೊತ್ತಿಗೆ ಲಿಫ್ಟ್ ಬಂದ್ ಆಗಿತ್ತು. ರೇಷ್ಮೆ ಸೀರೆಯುಟ್ಟ ಹೆಂಗಸರು, ಹಣ್ಣಿನ ತಟ್ಟೆ ಹಿಡಿದ ಗಂಡಸರು ಕೆಳಗೆ ಕಿಕ್ಕಿರಿದಿದ್ದರು. ಸೊಸೈಟಿಯ ಸೆಕ್ರೆಟರಿ ಶ್ರೀರಾಮ್ ಕೆಂಡವಾಗಿದ್ದರು. “ನೀವು ಯಾರ್ರೀ ನಮ್ಮ ಲಿಫ್ಟ್ ನಿಲ್ಲಿಸೋಕೆ? ಕಂಪನಿಯವರು ಎಲ್ಲ ಸರಿ ಇದೆ ಅಂತ ಬರೆದು ಕೊಟ್ಟಿದ್ದಾರೆ.”

“ಅವ್ರು ಬಂದು ಬ್ರೇಕ್ ಬಿಚ್ಚಿ ನಿಮಗ ತೋರಸ್ಲಿ ಸರ್. ಅಲ್ಲೀತನಕ ನಾ ಏಳಂಗಿಲ್ಲ,” ಎಂದು ನಿಂಗಣ್ಣ ಮುಚ್ಚಿದ ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತುಬಿಟ್ಟ. ಪೊಲೀಸರನ್ನು ಕರೆಯುತ್ತೇನೆಂದರು. ಕರೆಯಿರಿ ಎಂದ. ಜನ ಗೊಣಗುತ್ತ, ಸೀರೆ ಎತ್ತಿ ಹಿಡಿದು, ಒಬ್ಬೊಬ್ಬರಾಗಿ ಮೆಟ್ಟಿಲು ಹತ್ತತೊಡಗಿದರು. ಶಿವಪುತ್ರ ಬಂದು ಪಕ್ಕದಲ್ಲಿ ಕೂತ.

ಗಲಾಟೆ ತಣ್ಣಗಾದ ಮೇಲೆ ನಿಂಗಣ್ಣನಿಗೆ ಗೋಡೆಯ ಆಚೆಯಿಂದ ಒಂದು ಸದ್ದು ಕೇಳಿಸಿತು. ಗೋಡೆಗೆ ಅಂಟಿಕೊಂಡ ಪಕ್ಕದ ಕಟ್ಟಡದಲ್ಲಿ ಅದೇ ಕಂಪನಿಯ ಇನ್ನೊಂದು ಲಿಫ್ಟ್ ಜನರನ್ನು ತುಂಬಿಕೊಂಡು ಮೇಲೆ ಹೋಗುತ್ತಿತ್ತು. ಅವನು ಉಸಿರು ಬಿಗಿಹಿಡಿದು, ಅದು ನಿಲ್ಲುವುದನ್ನೇ ಕಾಯುತ್ತ, ಕಿವಿಗೊಟ್ಟು ಕೂತ.